ಮೂರು ದಿನದ ಒಬ್ಬಟ್ಟು ಹೊತ್ತು ಬೇಲೂರಿಗೆ

ಅರಸೀಕೆರೆಯಲ್ಲಿ ಬೇಲೂರು ಬಸ್ಸು ಹತ್ತಿದಾಗ ಮೈ ನಡುಗುವ ಚಳಿ. ನನ್ನ ಸೊಸೆ ಸವಿತಾ ಕಿಟಕಿ ಪಕ್ಕ ಕೂತು ಸ್ಟೀಲ್ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಒಳಗೆ ಕಾಯಿ ಒಬ್ಬಟ್ಟು. ಅದೂ ಎಂಥದ್ದು? ಭಾನುವಾರ ಮಾಡಿದ್ದು, ಅವತ್ತು ಬುಧವಾರ! ಮನೆಯಲ್ಲಿ ಬೆಳಿಗ್ಗೆ ಬೇಯಿಸಿದ ಬಿಸಿ ಒಬ್ಬಟ್ಟಿತ್ತು. ಅದನ್ನು ಬಿಟ್ಟು ಹಳೆಯದನ್ನು ಹೊತ್ತು ವ್ಯಾಪಾರ ಕೇಳಲು ಹೊರಟಿದ್ದಳು.

"ನಿಂಗೇನು ತಲೆ ಕೆಟ್ಟಿದೆಯೇನೇ?" ಅಂದೆ.

"ನೋಡ್ತಿರಿ ಅತ್ತೆ" ಅಂದಳು, ಅಷ್ಟೇ.

ಕಂಡಕ್ಟರ್ ಆಧಾರ್ ಕಾರ್ಡ್ ನೋಡಿ ಇಬ್ಬರಿಗೂ ಫ್ರೀ ಟಿಕೆಟ್ ಕೊಟ್ಟ. ಹೆಂಗಸರಿಗೆ ಈ ಸೌಲಭ್ಯ ಇಲ್ಲದಿದ್ದರೆ ಇವಳು ಇಷ್ಟು ಊರು ಸುತ್ತಿ ಅಂಗಡಿ ಹುಡುಕುವುದು ದೂರದ ಮಾತು. ಜಾವಗಲ್ಲಿನಲ್ಲಿ ನಾನು ಟೀ ಕುಡಿದೆ. ಅವಳು ಡಬ್ಬಿ ಬಿಟ್ಟು ಕೆಳಗಿಳಿಯಲೇ ಇಲ್ಲ.

ಆರ್ಡರ್ ಹಿಡಿದು ಒಬ್ಬಟ್ಟು ಮಾಡಿಕೊಡುವ ಇವಳ ಕೆಲಸವೇ ಹಾಗೆ. ಮದುವೆ ಕಾಲದಲ್ಲಿ ಉಸಿರಾಡಲೂ ಬಿಡುವಿಲ್ಲ. ಆಷಾಢ, ಧನುರ್ಮಾಸ ಬಂದರೆ ಒಲೆ ತಣ್ಣಗೆ. ಅವಳ ಜೊತೆ ಒಬ್ಬಟ್ಟು ತಟ್ಟುವ ರುಕ್ಮಿಣಿ, ಜಬೀನಾ ಇಬ್ಬರೂ ಗಾರ್ಮೆಂಟ್ಸ್ ಕೆಲಸಕ್ಕೆ ಸೇರುತ್ತೇವೆ ಅಂದಿದ್ದರು. ಅವರು ಹೋದರೆ ಕೆಲಸವೇ ನಿಲ್ಲುತ್ತಿತ್ತು. ಧನುರ್ಮಾಸದಲ್ಲೂ ಜನ ತುಂಬುವ ಬೇಲೂರಿನಲ್ಲಿ ಒಂದು ಅಂಗಡಿ ಸಿಗಲೇಬೇಕಿತ್ತು.

ಬೇಲೂರಿನಲ್ಲಿ ಆಟೋದವನು ಬಾಯಿಗೆ ಬಂದ ರೇಟು ಹೇಳಿದ. ನಡೆದೇ ಹೋದೆವು. ದೇವಸ್ಥಾನದ ಬೀದಿಯಲ್ಲಿ ತಿಂಡಿ ಅಂಗಡಿ. ಒಬ್ಬಟ್ಟು ಅಂದದ್ದೇ ತಡ, ಅಂಗಡಿಯವರು ಡಬ್ಬಿ ನೋಡುವ ಮೊದಲೇ ತಲೆ ಆಡಿಸಿದರು.

"ಒಬ್ಬಟ್ಟು ಬೇಡಮ್ಮ. ಊರಿಗೆ ಹೋಗೋದ್ರೊಳಗೆ ಹಳಸೋಯ್ತು ಅಂತ ಪ್ರವಾಸಿಗಳು ಫೋನ್ ಮಾಡಿ ಬೈತಾರೆ."

"ಇದು ಭಾನುವಾರದ್ದು ಸಾರ್" ಅಂದಳು ಸವಿತಾ, ಮುಚ್ಚಳ ತೆಗೆದು.

ಅಯ್ಯೋ, ಅದನ್ನು ಯಾಕೆ ಹೇಳಿದಳೋ! ಅವರು ಮೂಸಿದರು, ಮುರಿದರು, ಬಾಯಿಗೆ ಹಾಕಿಕೊಂಡರು. ಇನ್ನೊಂದನ್ನು ಎತ್ತಿಕೊಂಡು ಒಳಗಿದ್ದ ಹೆಂಡತಿಯನ್ನು ಕೂಗಿದರು. ಆಕೆ ನಿಂತಲ್ಲೇ ತಿಂದು, "ಭಾನುವಾರದ್ದಾ? ಸುಳ್ಳು!" ಅಂದರು. ಕಾಯಿ ಬೆಲ್ಲದ ಹೂರಣವನ್ನು ನೀರಿನ ಪಸೆ ಆರುವವರೆಗೂ ಸಣ್ಣ ಉರಿಯಲ್ಲಿ ಕೆದಕುತ್ತೇನೆ ಎಂದು ಸವಿತಾ ವಿವರಿಸಿದಳು. ಹಾಗೆ ಕೆದಕುವಾಗಲೆಲ್ಲ ಗ್ಯಾಸ್ ಖರ್ಚು ಎಂದು ಗೊಣಗಿದವಳು ನಾನೇ.

ಅಂಗಡಿಯವರು ನನ್ನ ಕಡೆ ತಿರುಗಿದರು. "ರೇಟು ಮಾತಾಡೋಣ. ಹೇಳಿ ಅಮ್ಮ."

"ನನ್ನ ಯಾಕೆ ಕೇಳ್ತೀರಿ? ಮಾಡೋಳು ಅವಳು, ಮಾರೋಳು ಅವಳು. ಅವಳನ್ನೇ ಕೇಳಿ" ಅಂದೆ.

ಸವಿತಾ ರೇಟು ಹೇಳಿದಳು. ಅವರು ಚೌಕಾಸಿ ಮಾಡಿದರು. ಇವಳು ಡಬ್ಬಿಯ ಮುಚ್ಚಳ ಹಾಕತೊಡಗಿದಳು. "ಆಗಲಿ ಬಿಡ್ರೀ, ಆ ಹುಡುಗಿ ಕೇಳಿದ್ದು ಕೊಡಿ" ಅಂದರು ಅಂಗಡಿಯವರ ಹೆಂಡತಿ. ವಾರಕ್ಕೆರಡು ಸಲ ಕಳಿಸಬೇಕು, ಬರುವ ಸೋಮವಾರದಿಂದಲೇ. ಬೀದಿಗೆ ಇಳಿದ ಮೇಲೆ ಸವಿತಾಳ ಕಣ್ಣು ತುಂಬಿತ್ತು. ನನ್ನದೂ.

ವಾಪಸು ಬರುವಾಗ ಹಳೇಬೀಡಿನಲ್ಲಿ ಇಳಿದೆವು. ಇಷ್ಟು ಹತ್ತಿರ ಇದ್ದೂ ಅವಳು ಈ ದೇವಸ್ಥಾನ ನೋಡಿರಲಿಲ್ಲ. ಗೋಡೆಯ ಆನೆಗಳ ಸಾಲು ನೋಡುತ್ತಾ ಪೂರಾ ಒಂದು ಸುತ್ತು ಬಂದಳು. ಆಮೇಲೆ ಹೊರಗೆ ಮರದ ಕೆಳಗೆ ಕೂತು ಚಿತ್ರಾನ್ನದ ಬುತ್ತಿ ಬಿಚ್ಚಲು ನನ್ನ ಚೀಲಕ್ಕೆ ಕೈ ಹಾಕಿದಳು. ಬುತ್ತಿಯ ಜೊತೆ ಬಟ್ಟೆ ಸುತ್ತಿದ ಇನ್ನೊಂದು ಗಂಟೂ ಬಂತು. ಬೆಳಿಗ್ಗೆ ಮಾಡಿದ ಒಬ್ಬಟ್ಟು. ಅವಳಿಗೆ ಹೇಳದೆ ನಾನೇ ಇಟ್ಟುಕೊಂಡಿದ್ದೆ, ಅಂಗಡಿಯವರು ಮುಖ ಸಿಂಡರಿಸಿದರೆ ಇದನ್ನು ಮುಂದೆ ಇಡೋಣ ಅಂತ.

"ಅತ್ತೆ! ನನ್ನ ಮೇಲೆ ನಂಬಿಕೆ ಇರ್ಲಿಲ್ವಾ?"

"ನಿನ್ನ ಮೇಲಿತ್ತು ಕಣೇ. ಆ ಅಂಗಡಿಯೋರ ಮೇಲೆ ಇರ್ಲಿಲ್ಲ."

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಬಿಸಿ ಬಿಸಿ ತಿಂದರೇನೇ ಒಬ್ಬಟ್ಟು ಅಂತ ಜನ್ಮವಿಡೀ ಹೇಳಿಕೊಂಡು ಬಂದವಳು ನಾನು. ಅವತ್ತು ಎರಡೂ ತಿಂದು ನೋಡಿದೆ. ಭಾನುವಾರದ್ದೇ ರುಚಿಯಾಗಿತ್ತು. ಅವಳ ಮುಂದೆ ಹೇಳಲಿಲ್ಲ, ಅತ್ತೆಯಾದವಳಿಗೆ ಅಷ್ಟಾದರೂ ಬಿಗುಮಾನ ಬೇಡವೇ?

ಅರಸೀಕೆರೆ ಸೇರುವಾಗ ಹೊತ್ತು ಮುಳುಗಿತ್ತು. ಬಸ್ ಸ್ಟ್ಯಾಂಡಿನಲ್ಲಿ ರುಕ್ಮಿಣಿ, ಜಬೀನಾ ಕಾಯುತ್ತಾ ನಿಂತಿದ್ದರು. ಫೋನಿನಲ್ಲಿ ಹೇಳುವುದಿಲ್ಲ, ಬಂದೇ ಹೇಳ್ತೀನಿ ಅಂದಿದ್ದಳಂತೆ ಸವಿತಾ. ಬಸ್ಸು ಇನ್ನೂ ನಿಂತಿರಲಿಲ್ಲ. ನನಗೆ ತಡೆಯಲಾಗಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದೆ: "ನಮ್ಮ ಸವಿತಾ ಗೆದ್ದು ಬಂದ್ಲು ಕಣ್ರೇ!"

"ಅತ್ತೆ, ಎಲ್ಲಾ ನೋಡ್ತಿದಾರೆ" ಅಂತ ಅವಳು ನನ್ನ ಸೆರಗು ಜಗ್ಗಿದಳು.

ನೋಡಲಿ ಅಂತಲೇ ಕೂಗಿದ್ದು.