ಕೆಮಿಕಲ್ ಕಲೆ ತೆಗೆಯುವ ಸುಂಕಲಮ್ಮ

ಸಿರುಗುಪ್ಪದಲ್ಲಿ ಬಳ್ಳಾರಿ ರಸ್ತೆಯ ಮಗ್ಗುಲಿಗೆ ಒಂದು ವಾಟರ್ ಸರ್ವಿಸ್ ಇದೆ. ಬೈಕು, ಟ್ರ್ಯಾಕ್ಟರು ತೊಳೆಯುವ ಜಾಗ. ನಡೆಸುವವಳು ಸುಂಕಲಮ್ಮ, ವಯಸ್ಸು ನಲವತ್ತೆರಡು. ಶುರುವಿನಲ್ಲಿ ಬಂದ ಗಿರಾಕಿಗಳು ಅವಳ ತಲೆಯ ಮೇಲಿಂದ ಒಳಗೆ ಇಣುಕಿ, "ಯಾರೂ ಇಲ್ಲೇನಮ್ಮ?" ಎಂದು ಕೇಳುತ್ತಿದ್ದರು. "ನಾ ಅದೀನಲ್ರಿ," ಎಂದು ಅವಳು ನೀರಿನ ಪೈಪು ಎತ್ತಿಕೊಳ್ಳುತ್ತಿದ್ದಳು.

ಹುಟ್ಟಿದ್ದು ಬಾದನಹಟ್ಟಿಯಲ್ಲಿ. ಮದುವೆಯಾದ ಮೇಲೆ ಗಂಡ ಹಂಪಯ್ಯನ ಜೊತೆ ಬಳ್ಳಾರಿ ಸೇರಿ, ಜೀನ್ಸ್ ಪ್ಯಾಂಟು ತೊಳೆಯುವ ಘಟಕವೊಂದರಲ್ಲಿ ಹನ್ನೊಂದು ವರ್ಷ ದುಡಿದಳು. ಪ್ಯಾಂಟಿಗೆ ಮಾಸಿದ ಬಣ್ಣ ಬರಿಸಲು ಕೆಮಿಕಲ್ ಹಾಕುವುದು, ಬೇಕಾದಷ್ಟು ಬಣ್ಣ ಇಳಿದ ಕೂಡಲೇ ಅದರ ಉರಿ ಅಡಗಿಸುವುದು ಅವಳ ಕೆಲಸ. ಸ್ವಲ್ಪ ಮೈಮರೆತರೂ ಬಟ್ಟೆ ಪಿಸಿದುಹೋಗುತ್ತಿತ್ತು. ಘಟಕ ಮುಚ್ಚಿದಾಗ ಗಂಡನ ಊರಾದ ಸಿರುಗುಪ್ಪಕ್ಕೆ ಬಂದರು. ಹಂಪಯ್ಯ ಭತ್ತ ಕೊಯ್ಯುವ ಮಷಿನ್ ಓಡಿಸತೊಡಗಿದ. ಯಾರೋ ಬಿಟ್ಟುಹೋಗುತ್ತಿದ್ದ ವಾಟರ್ ಸರ್ವಿಸನ್ನು ಸುಂಕಲಮ್ಮ ವಹಿಸಿಕೊಂಡಳು.

ಎರಡನೇ ತಿಂಗಳು ಡ್ರಿಲ್ ಮಾಸ್ತರು ವಿರೂಪಾಕ್ಷಪ್ಪ ತಮ್ಮ ಬೈಕು ತಂದರು. ಶಾಲೆಯಿಂದ ನಿವೃತ್ತರಾಗಿ ಎಂಟು ವರ್ಷವಾಗಿತ್ತು, ಬೈಕಿಗೆ ಮೂವತ್ತಾರು ವರ್ಷ. ಎಂಜಿನ್ನಿನ ಕವರು, ಚಕ್ರದ ನಡುವಿನ ಹಬ್ಬು ಎಲ್ಲ ಬಣ್ಣವಿಲ್ಲದ ಬರಿ ಅಲ್ಯೂಮಿನಿಯಂ. ಪ್ರತಿ ಭಾನುವಾರ ತಾವೇ ಕೂತು ಉಜ್ಜಿ, ಮುಖ ಕಾಣುವ ಹಾಗೆ ಇಟ್ಟುಕೊಂಡಿದ್ದರು.

"ಭುಜ ಹಿಡ್ಕಂಡೈತವ್ವ, ಕೈ ಎತ್ತಾಕ ಆಗವಲ್ದು. ಬರೇ ಮಣ್ಣು ಹೋದ್ರ ಸಾಕು," ಎಂದು ಹೇಳಿ ಹೋದರು.

ಬೇಸಿಗೆಯ ಹನ್ನೆರಡು ಗಂಟೆಯ ಬಿಸಿಲು. ಚಕ್ರ ತೊಳೆಯಲೆಂದು ಹೊಸದಾಗಿ ಕ್ಯಾನಿನಲ್ಲಿ ತರಿಸಿದ ಒಂದು ದ್ರಾವಣವಿತ್ತು. ಬಣ್ಣ ಹೊಡೆದ ಚಕ್ರಗಳ ಮೇಲೆ ಅದು ಚೆನ್ನಾಗಿ ಕೆಲಸ ಮಾಡಿತ್ತು. ಸುಂಕಲಮ್ಮ ಅದನ್ನೇ ಎಂಜಿನ್ನಿಗೂ ಹಬ್ಬಿಗೂ ಸಿಂಪಡಿಸಿದಳು. ಇನ್ನೇನು ನೀರು ಬಿಡಬೇಕು, ಕರೆಂಟ್ ಹೋಯಿತು. ಪಂಪು ನಿಂತಿತು. ಪಕ್ಕದ ಹೋಟೆಲಿಗೆ ಓಡಿ ಎರಡು ಕೊಡ ನೀರು ತರುವಷ್ಟರಲ್ಲಿ ದ್ರಾವಣ ಕಾದ ಲೋಹದ ಮೇಲೆ ಒಣಗಿ ಕಚ್ಚಿಕೊಂಡಿತ್ತು. ನೀರು ಸುರಿದಳು, ಸೋಪು ಹಾಕಿದಳು. ಎಂಜಿನ್ ಕವರಿನ ಮೇಲೆ ಮಜ್ಜಿಗೆ ಚೆಲ್ಲಿ ಒಣಗಿದಂಥ ಬಿಳಿ ಕಲೆ, ಕೆಳಗೆ ಇಳಿದ ಗೆರೆಗಳು. ಹಬ್ಬು ಬೂದಿ ಬಣ್ಣಕ್ಕೆ ತಿರುಗಿತ್ತು.

ಊಟಕ್ಕೆ ಬಂದ ಹಂಪಯ್ಯ ನೋಡಿ ದನಿ ತಗ್ಗಿಸಿದ. "ಮೊದ್ಲ ಹಿಂಗ ಇತ್ತು ಅನ್ನು. ಹಳೇ ಗಾಡಿ, ಯಾರು ಕೇಳ್ತಾರ?"

"ಅವ್ರು ಕೇಳ್ತಾರ. ವಾರ ವಾರ ಉಜ್ಜಿದ ಕೈ ಅದು, ಗೊತ್ತಾಗಂಗಿಲ್ಲೇನು?" ಎಂದಳು ಸುಂಕಲಮ್ಮ.

ಸಂಜೆ ಮಾಸ್ತರು ಬಂದಾಗ ಅವಳೇ ಎದುರು ಹೋದಳು. "ಸರ, ನನ್ನಿಂದ ತಪ್ಪಾಗೇತ್ರಿ. ಕೆಮಿಕಲ್ ಹಾಕಿದ್ದೆ, ಬಿಸಿಲಿಗೆ ಒಣಗಿ ಕಲೆ ಬಿದ್ದೈತಿ."

ವಿರೂಪಾಕ್ಷಪ್ಪ ಎಂಜಿನ್ ಕವರಿನ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ, "ಆತು ಬಿಡವ್ವ," ಎಂದು ಕೀಲಿಕೈಗೆ ಕೈ ಚಾಚಿದರು. ಬೈದಿದ್ದರೆ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ.

"ನಾಕು ದಿನ ನನ್ನ ಹತ್ರ ಬಿಡ್ರಿ ಸರ. ಸರಿ ಆಗ್ಲಿಲ್ಲಂದ್ರ ಆವಾಗ ಬಯ್ರಿ."

ಮಾಸ್ತರು ಅವಳ ಮುಖ ನೋಡಿ, ಕೀಲಿಕೈ ಬಿಟ್ಟು ನಡೆದುಕೊಂಡೇ ಮನೆಗೆ ಹೋದರು.

ಕೆಮಿಕಲ್ ಜೀವಂತ ಇರುವ ತನಕ ಉಜ್ಜಿ ಉಪಯೋಗವಿಲ್ಲ ಎಂಬುದು ಸುಂಕಲಮ್ಮನಿಗೆ ಘಟಕದಲ್ಲಿ ಕಲಿತ ಪಾಠ. ಅಲ್ಲಿ ನೀರಿನಲ್ಲಿ ಆಸಿಡ್ ಇದೆಯೋ ಇಲ್ಲವೋ ನೋಡಲು ಬಣ್ಣ ಬದಲಾಗುವ ಕಾಗದದ ಪಟ್ಟಿ ಬಳಸುತ್ತಿದ್ದರು. ಅಂಥ ಒಂದಿಷ್ಟು ಪಟ್ಟಿ ಅವಳ ಟ್ರಂಕಿನಲ್ಲಿ ಉಳಿದಿದ್ದವು. ಕಲೆಯ ಮೇಲೆ ನೀರು ಹನಿಸಿ ಪಟ್ಟಿ ಒತ್ತಿದಳು. ಕೆಂಪಾಯಿತು, ಆಸಿಡ್ ಇನ್ನೂ ಉಳಿದಿತ್ತು. ಅಡುಗೆ ಸೋಡಾ ಕರಗಿಸಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಮೂಲೆಮೂಲೆಗೂ ಹಚ್ಚಿದಳು. ಸಣ್ಣಗೆ ನೊರೆ ಎದ್ದಿತು. ತೊಳೆದು, ಮತ್ತೆ ಹಚ್ಚಿ, ಮತ್ತೆ ತೊಳೆದು, ಪಟ್ಟಿ ಕೆಂಪಾಗುವುದು ನಿಂತ ಮೇಲೆ ಬಿಟ್ಟಳು.

ಕಲೆ ಮಾತ್ರ ಹಾಗೇ ಇತ್ತು. ಆದರೆ ಮಾಸ್ತರ ಗಾಡಿಯ ಮೇಲೆ ಪ್ರಯೋಗ ಮಾಡಲು ಅವಳಿಗೆ ಮನಸ್ಸಾಗಲಿಲ್ಲ. ಮರುದಿನ ಬೆಳಿಗ್ಗೆಯ ಬಸ್ಸು ಹತ್ತಿ ಬಳ್ಳಾರಿಗೆ ಹೋಗಿ, ಗುಜರಿ ಅಂಗಡಿಯಲ್ಲಿ ಒಂದು ಹಳೇ ಎಂಜಿನ್ ಕವರು ಹುಡುಕಿ ತಂದಳು. ಬಿಸಿಲಿಗಿಟ್ಟು ಅದೇ ದ್ರಾವಣ ಸಿಂಪಡಿಸಿ ಬೇಕೆಂದೇ ಕೆಡಿಸಿದಳು. ಹಂಪಯ್ಯ, "ತಲಿ ಕೆಟ್ಟೈತೇನು ನಿನಗ?" ಎಂದ.

"ಕೆಡ್ಸಿದ್ ಮ್ಯಾಲ ತಾನ ಸರಿ ಮಾಡೋದ್ ತಿಳಿಯೋದು?"

ಸೋಡಾ ಹಾಕಿ ಉರಿ ಅಡಗಿಸಿ, ಆ ಕವರಿನ ಮೇಲೆ ಒಂದೊಂದೇ ಮಾಡಿ ನೋಡಿದಳು. ಪಾತ್ರೆ ತಿಕ್ಕುವ ತಂತಿ ಬ್ರಷ್ಷು ಗೀರು ಎಬ್ಬಿಸಿತು. ಹುಣಸೆಹುಳಿ ಹಚ್ಚಿದರೆ ಗಳಿಗೆ ಹೊತ್ತು ಹೊಳೆದು ಮಂಕಾಯಿತು. ಕಾರಿಗೆ ಬಣ್ಣ ಹೊಡೆಯುವವರು ಬಳಸುವ ವಾಟರ್ ಪೇಪರನ್ನು, ಅಂದರೆ ನಯವಾದ ಮರಳುಕಾಗದವನ್ನು, ನೀರಲ್ಲಿ ನೆನೆಸಿ, ಒಂದೇ ದಿಕ್ಕಿಗೆ ಹಗುರವಾಗಿ ಎಳೆದಾಗ ಕಲೆ ಕರಗತೊಡಗಿತು. ಮೊದಲು ಸಾವಿರದ ನಂಬರು, ಆಮೇಲೆ ಸಾವಿರದೈನೂರು, ಕೊನೆಗೆ ಎಲ್ಲಕ್ಕಿಂತ ನಯವಾದ ಎರಡು ಸಾವಿರ. ಅದರ ಮೇಲೆ ಪಾಲಿಶ್ ಹಚ್ಚಿ ಹಳೇ ಬನಿಯನ್ ಬಟ್ಟೆಯಲ್ಲಿ ಉಜ್ಜಿದಳು. ಬಟ್ಟೆ ಕಪ್ಪಾಯಿತು, ಕೆಳಗೆ ಹೊಳಪು ಕಂಡಿತು.

ಮೂರನೇ ದಿನ ಮಾಸ್ತರ ಬೈಕಿಗೆ ಕೈ ಹಾಕಿದಳು. ವಿಚಾರಿಸಲು ಬಂದ ವಿರೂಪಾಕ್ಷಪ್ಪ ಸ್ಟೂಲು ಎಳೆದುಕೊಂಡು ಕೂತವರು ಮಧ್ಯಾಹ್ನದ ತನಕ ಏಳಲಿಲ್ಲ. ಎಂಜಿನ್ನಿನ ಸಂದುಗಳಿಗೆ ಅವಳ ಬೆರಳು ಹೋಗದೆ ಒದ್ದಾಡುತ್ತಿದ್ದಾಗ, "ಬೂಟಿನ ಲೇಸ್ ಐತೇನು? ಅದಕ್ಕ ಪಾಲಿಶ್ ಹಚ್ಚಿ ಹಗ್ಗ ಎಳ್ದಂಗ ಎಳಿ," ಎಂದರು. ಲೇಸಿನ ಒಂದು ತುದಿ ಅವರೇ ಹಿಡಿದರು, ಇನ್ನೊಂದು ತುದಿ ಅವಳು.

ಎಲ್ಲ ಮುಗಿದಾಗ ಕೆಳಗಡೆ, ಆಯಿಲ್ ಬೋಲ್ಟಿನ ಹತ್ತಿರ, ಕಡಲೆಕಾಳಿನಷ್ಟು ಜಾಗ ಮಂಕಾಗಿಯೇ ಉಳಿಯಿತು. ಸುಂಕಲಮ್ಮ ಬೆರಳಿಟ್ಟು ತೋರಿಸಿದಳು. "ಇಲ್ಲಿ ಆಳಕ್ಕ ತಿಂದೈತಿ ಸರ. ಇನ್ನೂ ಉಜ್ಜಿದ್ರ ಕುಳಿ ಬೀಳ್ತೈತಿ. ಇದು ಹೋಗಂಗಿಲ್ರಿ."

ಮಾಸ್ತರು ಬಗ್ಗಿ ನೋಡಿ ನಕ್ಕರು. "ನೀ ತೋರಿಸ್ಲಿಲ್ಲಂದ್ರ ನನಗ ಕಾಣ್ತಿರ್ಲಿಲ್ಲ ನೋಡವ್ವ." ಗಾಡಿ ಹತ್ತಿದವರು ನೆಟ್ಟಗೆ ಮನೆಗೆ ಹೋಗಲಿಲ್ಲ. ಬಸ್ ನಿಲ್ದಾಣದ ಹತ್ತಿರ ಚಹಾ ಕುಡಿಯುವ ಗೆಳೆಯರಿಗೆಲ್ಲ ಎಂಜಿನ್ ಕವರು ತೋರಿಸಿ ಬಂದರು ಎಂದು ಆಮೇಲೆ ತಿಳಿಯಿತು.

ಅದಾಗಿ ಆರು ವರ್ಷ. ಈಗ ಹಚ್ಚೊಳ್ಳಿಯಿಂದ, ರಾರಾವಿಯಿಂದ, ಕುರುಗೋಡಿನಿಂದಲೂ ಕಲೆ ಬಿದ್ದ ಗಾಡಿಗಳು ಅವಳ ಬಳಿಗೆ ಬರುತ್ತವೆ. ಮೊದಲು ಮರೆಯಲ್ಲೊಂದು ಕಡೆ ಪಾಲಿಶ್ ಹಚ್ಚಿ ನೋಡುತ್ತಾಳೆ. ಬಟ್ಟೆ ಕಪ್ಪಾದರೆ ಬರಿ ಲೋಹ, ಕೆಲಸ ಹಿಡಿಯುತ್ತಾಳೆ. ಕಪ್ಪಾಗದಿದ್ದರೆ ಮೇಲೆ ಗಾಜಿನಂಥ ತೆಳು ಲೇಪವಿದೆ ಎಂದರ್ಥ. "ಇದನ್ನ ಉಜ್ಜಿದ್ರ ಕೆಡ್ತೈತ್ರಿ, ಬ್ಯಾಡ," ಎಂದು ಕೈಮುಗಿದು ಕಳಿಸುತ್ತಾಳೆ. ದೊಡ್ಡ ಡ್ರಮ್ಮಿನ ತುಂಬ ನೀರಿಲ್ಲದೆ ಯಾವ ದ್ರಾವಣದ ಮುಚ್ಚಳವನ್ನೂ ತೆಗೆಯುವುದಿಲ್ಲ.

ಹೋದ ವರ್ಷ ಬಳ್ಳಾರಿಯ ಒಂದು ಬೈಕ್ ರಿಪೇರಿ ಶೆಡ್ಡಿನ ಮಾಲೀಕ ಶಶಿಕಾಂತ್, ತನ್ನ ಮೆಕ್ಯಾನಿಕ್ಕುಗಳಿಗೆ ಈ ಕೆಲಸ ಕಲಿಸಬೇಕೆಂದು ಅವಳನ್ನು ಕರೆಸಿದ. ಐದು ಜನ ಕೈಕಟ್ಟಿ ನಿಂತಿದ್ದರು. ಸುಂಕಲಮ್ಮ ಸೀರೆಯ ಸೆರಗು ಸಿಕ್ಕಿಸಿ ನೆಲಕ್ಕೆ ಕೂತು, ಎಲ್ಲಕ್ಕಿಂತ ಮೊದಲು ಮಾಸ್ತರ ಬೈಕು ತಾನು ಕೆಡಿಸಿದ್ದನ್ನು ಹೇಳಿದಳು.

ಶಶಿಕಾಂತ್ ಬದಿಗೆ ಕರೆದು, "ಅಕ್ಕ, ಅದನ್ಯಾಕ ಹೇಳಿದಿ? ಹುಡುಗ್ರು ನಿನ್ನ ಹಗುರ ತಿಳ್ಕಂತಾರ," ಎಂದ.

"ಅವ್ರೂ ನಾಳೆ ಒಂದು ಗಾಡಿ ಕೆಡಿಸ್ತಾರಪ್ಪ. ಆವಾಗ ಮುಚ್ಚಿಡಬಾರ್ದು ನೋಡು," ಎಂದಳು ಸುಂಕಲಮ್ಮ. ತಿರುಗಿ ನೋಡಿದರೆ, ಐವರಲ್ಲಿ ಹಿರಿಯವನಾದ ವೀರಭದ್ರ ಆಗಲೇ ನೆಲಕ್ಕೆ ಕೂತು ವಾಟರ್ ಪೇಪರು ನೆನೆಯಲು ಹಾಕಿದ್ದ. ಉಳಿದವರೂ ಒಬ್ಬೊಬ್ಬರಾಗಿ ಅವನ ಪಕ್ಕ ಕೂತರು.