ಕೊನೆ ಕಾಣದ ಸಿನೆಮಾಗಳು

ಮೆಂತ್ಯದ ಹಿಟ್ಟು, ಖಾರದಪುಡಿ, ಹಸಿ ಎಣ್ಣೆ, ತುರಿದ ಕೊಬ್ಬರಿ ಕೂಡಿಸಿ ತೆಳ್ಳನೆಯ ಅವಲಕ್ಕಿ ಹಚ್ಚುವ ವಾಸನೆ ಯುಗಾದಿಯ ಮಧ್ಯಾಹ್ನ ಅಡಿಗೆಮನೆಯಿಂದ ಪಡಸಾಲೆಗೆ ಬಂದಿತೆಂದರೆ, ಧಾರವಾಡದ ನಮ್ಮ ಮನೆಯಲ್ಲಿ ಸಿನೆಮಾದ ಜಗಳಕ್ಕೆ ಮುಹೂರ್ತ ಕೂಡಿಬಂದಿದೆಯೆಂದೇ ಅರ್ಥ. ಹೋಳಿಗೆ ಉಂಡು, ಒಂದು ನಿದ್ದೆ ತೆಗೆದು, ಮುಖ ತೊಳೆದುಕೊಂಡು, ಅಪ್ಪ ಒಂದು ಕಂಬಕ್ಕೆ ಕಾಕಾ ಇನ್ನೊಂದು ಕಂಬಕ್ಕೆ ಒರಗಿ ಕುಳಿತರೆ, ಕಳೆದ ಸಂವತ್ಸರದಲ್ಲಿ ಬಂದುಹೋದ ಚಿತ್ರಗಳಲ್ಲಿ ನೋಡುವಂಥವು ಯಾವುವು, ನೋಡಬಾರದವು ಯಾವುವು ಎಂಬ ವಿಚಾರಣೆ ಆರಂಭವಾಗುತ್ತಿತ್ತು. ಬೇರೆಯವರ ಮನೆಗಳಲ್ಲಿ ಅಂದು ಪಂಚಾಂಗ ಓದಿಸಿ ಮುಂಬರುವ ವರ್ಷದ ಮಳೆಬೆಳೆ ಕೇಳುತ್ತಿದ್ದರು. ನಮ್ಮಲ್ಲಿ ಅದನ್ನು ಬೆಳಿಗ್ಗೆಯೇ ಅವಸರದಲ್ಲಿ ಮುಗಿಸಿ, ಸಂಜೆಯವರೆಗೆ ಹಳೆಯ ವರ್ಷದ ನೆರಳುಗಳಿಗೆ ನ್ಯಾಯ ಹೇಳುತ್ತ ಕೂರುತ್ತಿದ್ದರು.

ನಗಬೇಡಿ. ಆ ನ್ಯಾಯದ ಮೇಲೆ ಮನೆಯ ಹೆಣ್ಣುಮಕ್ಕಳ ಭಾಗ್ಯ ನಿಂತಿತ್ತು. ಮೂಕಚಿತ್ರಗಳು ಹಿಂದೆ ಸರಿದು ಮಾತಾಡುವ ಚಿತ್ರಗಳು ಬಂದ ಹೊಸತು. ಪುಣೆ, ಕೊಲ್ಹಾಪುರ, ಮುಂಬಯಿಗಳಿಂದ ಹೊರಟ ಮರಾಠಿ, ಹಿಂದಿ ಚಿತ್ರಗಳು ಮೊದಲು ಹುಬ್ಬಳ್ಳಿಯ ಟೆಂಟಿಗೆ ಬರುತ್ತಿದ್ದವು. ಎಷ್ಟೋ ಚಿತ್ರಗಳು ಧಾರವಾಡದ ಕಡೆ ಮುಖವನ್ನೇ ಹಾಕುತ್ತಿರಲಿಲ್ಲ. ಗಂಡಸರು ಮೊದಲು ಹೋಗಿ ನೋಡಿಬರಬೇಕು, ಅವರು ಒಪ್ಪಿದ ಚಿತ್ರ ಎರಡನೆಯ ಸಲ ಬಂದಾಗ ಹೆಂಗಸರನ್ನು ಕರೆದೊಯ್ಯಬೇಕು ಎಂಬುದು ನಮ್ಮ ಓಣಿಯ ರಿವಾಜು. ನಮ್ಮ ಮನೆಯಲ್ಲಿ ಅಪ್ಪ, ಕಾಕಾ ಇಬ್ಬರೂ ಒಪ್ಪಬೇಕಿತ್ತು. ಅವರಿಬ್ಬರದೋ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವಂಥ ಜೋಡಿ. ದೇವರ ಚಿತ್ರಗಳ ವಿಷಯದಲ್ಲಿ ಮಾತ್ರ ಹೇಗೋ ಒಮ್ಮತವಾಗುತ್ತಿತ್ತು. ಹೀಗಾಗಿ ನಾವು ಹೆಣ್ಣುಮಕ್ಕಳು ನೋಡಿದ್ದೆಲ್ಲ ತಂತಿಗೆ ಜೋತುಬಿದ್ದು ಆಕಾಶದಿಂದ ಇಳಿಯುವ ದೇವತೆಗಳನ್ನೇ. ಭಕ್ತಿ ಬರುತ್ತಿತ್ತೋ ಇಲ್ಲವೋ, ತಂತಿ ಹರಿದೀತೆಂಬ ಭಯವಂತೂ ತಪ್ಪದೆ ಬರುತ್ತಿತ್ತು.

ಅಪ್ಪ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸುತ್ತಿದ್ದರು. ಬೆಳಗಿನಲ್ಲಿ ತಂಬೂರಿ ಮುಂದಿಟ್ಟುಕೊಂಡು ಭೈರವ ಹಾಡಿಕೊಳ್ಳುವ ಅವರಿಗೆ ಟೆಂಟಿನ ಸಂಗೀತವೆಂದರೆ ಕಿವಿಗೆ ಕಾದ ಎಣ್ಣೆ. ಚಿತ್ರ ನೋಡಿದ ಮನುಷ್ಯ ಒಳಗೆ ಹೋಗುವಾಗ ಇದ್ದುದಕ್ಕಿಂತ ಒಂದು ಗುಲಗಂಜಿಯಷ್ಟಾದರೂ ಉತ್ತಮನಾಗಿ ಹೊರಗೆ ಬರಬೇಕು, ಇಲ್ಲವಾದರೆ ಅದು ನೋಡುವಂಥದಲ್ಲ ಎಂಬುದು ಅವರ ಸಿದ್ಧಾಂತ. ಕಾಕಾ ಅಪ್ಪನ ಕಿರಿಯ ತಮ್ಮ, ಕಲೆಕ್ಟರ ಕಚೇರಿಯಲ್ಲಿ ಕಾರಕೂನರು, ಇನ್ನೂ ಮದುವೆಯಾಗದವರು. "ದೇವರನ್ನ ನೋಡ್ಲಿಕ್ಕೆ ಗುಡಿ ಅವ. ಟೆಂಟಿನ್ಯಾಗ ನಮ್ಮಂಥಾ ಮಂದಿ ಕಾಣಬೇಕು" ಎಂಬುದು ಅವರ ವಾದ. ಇಬ್ಬರೂ ಜೊತೆಯಾಗಿ ಎಂದೂ ಹೋಗುತ್ತಿರಲಿಲ್ಲ. ಹೋದರೆ ಜಗಳವೆಲ್ಲ ರೈಲಿನಲ್ಲೇ ಮುಗಿದುಹೋಗಿ ಮನೆಗೆ ಏನೂ ಉಳಿಯುವುದಿಲ್ಲವೆಂದು ಅವ್ವ ನಗುತ್ತಿದ್ದಳು.

ಲೋಕವೇ ಭಿನ್ನರುಚಿಯದು ಎಂದು ಹೇಳಿ ಈ ಜಗಳವನ್ನು ಬದಿಗಿಡಬಹುದು. ಆದರೆ ರುಚಿಯ ಜಗಳವಾಗಿದ್ದರೆ ಅದು ಇಷ್ಟು ಕಾವೇರುತ್ತಿರಲಿಲ್ಲವೆಂದು ನನಗೆ ಈಗ ಅನಿಸುತ್ತದೆ. ಉಪ್ಪಿನಕಾಯಿಗೆ ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಯಾರೂ ಕಣ್ಣು ಕೆಂಪಗೆ ಮಾಡಿಕೊಳ್ಳುವುದಿಲ್ಲ. ಈ ಚಿತ್ರ ನೋಡಬಹುದು, ಅದನ್ನು ನೋಡಬಾರದು ಎಂದು ಪಟ್ಟು ಹಿಡಿದವನು ಪರದೆಯ ಮಾತಿನ ನೆವದಲ್ಲಿ ತನ್ನ ಮನೆಯ ಮಾತನ್ನೇ ಆಡುತ್ತಿರುತ್ತಾನೆ. ಯಾವುದನ್ನು ಒಪ್ಪಿದರೆ ನಾಳೆ ತಾನು ಏನು ಮಾಡಬೇಕಾದೀತೆಂಬುದು ಅವನಿಗೆ ಒಳಗೊಳಗೇ ಗೊತ್ತಿರುತ್ತದೆ. ನಿಮ್ಮ ಸ್ನೇಹಿತರೊಡನೆ ನೀವು ಸಿನೆಮಾ ಕುರಿತು ಗಂಟಲು ಹರಿಯುವಂತೆ ವಾದಿಸಿದ್ದು ನೆನಪಿದ್ದರೆ, ಅಂದು ನಿಜವಾಗಿ ಯಾವುದರ ಪರವಾಗಿ ವಾದಿಸಿದಿರಿ ಎಂದು ಒಮ್ಮೆ ಯೋಚಿಸಿ ನೋಡಿ.

ನಮ್ಮ ಮನೆಯಲ್ಲಿ ಆ ಒಳಗಿನ ಮಾತಿನ ಹೆಸರು ಗೋದಾವರಿ. ಅಪ್ಪನ ತಂಗಿ, ಕಾಕಾನ ಅಕ್ಕ, ನನಗೆ ಅತ್ಯಾ. ಗಂಡನ ಮುಖ ಸರಿಯಾಗಿ ನೆನಪಿನಲ್ಲಿ ನಿಲ್ಲುವ ಮೊದಲೇ ವಿಧವೆಯಾಗಿ ತವರಿಗೆ ಬಂದವಳು. ಆಗ ಆಕೆಯ ತಲೆ ಬೋಳಿಸಬೇಕೆಂದು ಹಿರಿಯರೆಲ್ಲ ಕೂಡಿ ಕುಳಿತಾಗ ಅಪ್ಪ ಒಬ್ಬರೇ ಅಡ್ಡ ನಿಂತರಂತೆ. "ಆಕಿ ಕೂದಲಿಗೆ ಕೈ ಹಚ್ಚಿದವರು ಈ ಮನಿ ಹೊಸ್ತಲಾ ತುಳಿಯೂಹಂಗಿಲ್ಲ" ಎಂದರಂತೆ. ಮನೆಯಲ್ಲಿಯೇ ಓದಿಸಿ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯನ್ನೂ ಕಟ್ಟಿಸಿದರು. ಅಲ್ಲಿಗೆ ನಿಂತುಬಿಟ್ಟರು. ಒಮ್ಮೆ ಧೈರ್ಯ ಮಾಡಿದ ಮನುಷ್ಯರಿಗೆ ಆಗಾಗ ಹೀಗಾಗುತ್ತದೆ. ಆ ಒಂದು ಧೈರ್ಯದ ನೆರಳಲ್ಲೇ ಉಳಿದ ಆಯುಷ್ಯವನ್ನು ಕಳೆಯಬಹುದೆಂದು ನಂಬುತ್ತಾರೆ. ಅಕ್ಕನನ್ನು ಮಾಸ್ತರಿಕೆ ಕಲಿಸುವ ಹೆಣ್ಣುಮಕ್ಕಳ ಟ್ರೇನಿಂಗ್ ಸಾಲೆಗೆ ಕಳಿಸೋಣವೆಂದು ಕಾಕಾ ಹೇಳಿದಾಗಲೆಲ್ಲ ಅಪ್ಪ, "ಮನ್ಯಾಗ ಓದ್ಲಿ, ಯಾರ ಬ್ಯಾಡ ಅಂದಾರ?" ಎಂದು ಮಾತು ಮುರಿಯುತ್ತಿದ್ದರು. ಆ ಮಾತು ಬಂದ ದಿನ ಅತ್ಯಾ ನನ್ನ ಪುಸ್ತಕಗಳನ್ನು ಎತ್ತಿಕೊಂಡು, ತಾನು ಎಂದೋ ಕಲಿತು ಮುಗಿಸಿದ ಪಾಠಗಳನ್ನೇ ಮತ್ತೆ ಓದುತ್ತ ಕೂರುತ್ತಿದ್ದಳು. ಅದನ್ನು ನೋಡಿದರೆ ನನಗೆ ಅಳು ಬರುತ್ತಿತ್ತು.

ಆ ಯುಗಾದಿಯಂದು ಜಗಳಕ್ಕೆ ಬಂದದ್ದು ಒಂದು ಮರಾಠಿ ಚಿತ್ರ. ಮರಾಠಿ ನಮಗೆ ನೆರೆಮನೆಯ ಭಾಷೆ. ಚಿತ್ರದ ಕಥೆಯೂ ನೆರೆಮನೆಯದೇ ಅನ್ನುವಂತಿತ್ತು: ಅಣ್ಣಂದಿರ ಮನೆಯಲ್ಲಿ ಬೇಯಿಸಿ ಬಡಿಸಿಕೊಂಡಿದ್ದ ಹರೆಯದ ವಿಧವೆಯೊಬ್ಬಳು ಒಂದು ಬೆಳಿಗ್ಗೆ ಸಣ್ಣ ಪೆಟ್ಟಿಗೆ ಹಿಡಿದು ಮನೆಬಿಟ್ಟು ಹೋಗಿ, ಕಲಿತು, ಪರವೂರಿನಲ್ಲಿ ಸಾಲೆಯ ಬಾಯಿ, ಅಂದರೆ ಶಿಕ್ಷಕಿ, ಆಗುತ್ತಾಳೆ. ವರ್ಷದಲ್ಲಿ ನೋಡುವಂಥ ಚಿತ್ರ ಇದೊಂದೇ ಎಂದರು ಕಾಕಾ. ವರ್ಷದಲ್ಲಿ ನೋಡಬಾರದ ಚಿತ್ರವೂ ಇದೊಂದೇ ಎಂದರು ಅಪ್ಪ. ಹೊಸ್ತಿಲು ದಾಟುವುದನ್ನು ಕಲಿಸುವ ಚಿತ್ರ ಎಂದು ಅಪ್ಪ. ದಾಟಲು ಹೊಸ್ತಿಲೇ ಇಲ್ಲದಂತೆ ಗೋಡೆ ಕಟ್ಟಿದವರಿಗೆ ಅದು ಹಾಗೆಯೇ ಕಾಣುತ್ತದೆ ಎಂದು ಕಾಕಾ. ಮಾತು ಚಿತ್ರವನ್ನು ಬಿಟ್ಟು ಎಲ್ಲಿಗೆ ಹೊರಟಿದೆಯೆಂದು ಕಂಬಗಳಿಗೂ ತಿಳಿದಿತ್ತು, ಆದರೆ ಅತ್ಯಾನ ಹೆಸರನ್ನು ಮಾತ್ರ ಯಾರೂ ಎತ್ತಲಿಲ್ಲ.

"ಅಂಥಾಕಿ ಕಡೀಕ ಏನಾಗ್ತಾಳಂತ ನಾ ನೋಡಬೇಕಾಗಿಲ್ಲ, ನನಗ ಗೊತ್ತದ" ಎಂದರು ಅಪ್ಪ.

"ಏನಾಗ್ತಾಳ? ಸಾಲಿ ದೊಡ್ಡ ಬಾಯಿ ಆಗ್ತಾಳ. ಮಂದಿ ಕೈ ಮುಗೀತಾರ" ಎಂದರು ಕಾಕಾ.

ಅವಲಕ್ಕಿಯ ತಟ್ಟೆಗಳನ್ನು ತಂದಿಟ್ಟ ಅತ್ಯಾ ಎಂದಿನಂತೆ ಒಳಗೆ ಹೋಗಲಿಲ್ಲ. ಬಾಗಿಲ ಚೌಕಟ್ಟಿಗೆ ಕೈಯಿಟ್ಟು ನಿಂತು ಕೇಳಿದಳು: "ಅಣ್ಣಾ, ನೀ ಹಿಂಗ ಅಂತಿ. ಇಂವ ಹಂಗ ಅಂತಾನ. ಖರೇ ಆಕಿ ಕಡೀಕ ಏನಾದ್ಲು?"

ಇಬ್ಬರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಇದನ್ನು ಹುಬ್ಬಳ್ಳಿಯವರಾರೂ ನಂಬಲಾರರು, ಧಾರವಾಡದ ಹಳಬರು ಮಾತ್ರ ತಲೆದೂಗಿಯಾರು. ಹಗಲಿನಲ್ಲಿ ಟೆಂಟಿನೊಳಗೆ ಬೆಳಕು ನುಗ್ಗುವುದರಿಂದ ಆಟ ಶುರುವಾಗುತ್ತಿದ್ದದ್ದೇ ಕತ್ತಲಾದ ಮೇಲೆ. ಧಾರವಾಡಕ್ಕೆ ಬರುವ ಕೊನೆಯ ಗಾಡಿಯೋ ಆಟ ಮುಗಿಯುವವರೆಗೆ ಕಾಯುತ್ತಿರಲಿಲ್ಲ. ಇನ್ನೇನು ಕಥೆಯ ಗಂಟು ಬಿಚ್ಚಬೇಕು ಅನ್ನುವಷ್ಟರಲ್ಲಿ ನಮ್ಮೂರ ಮಹನೀಯರು ಒಬ್ಬೊಬ್ಬರಾಗಿ ಧೋತರ ಎತ್ತಿ ಹಿಡಿದು, ಹಿಂದಿನವರಿಂದ ಬೈಸಿಕೊಳ್ಳುತ್ತ, ಸ್ಟೇಶನ್ನಿನ ಕಡೆ ಓಡುತ್ತಿದ್ದರು. ಮಿಕ್ಕ ಕಥೆಯನ್ನು ರೈಲಿನ ಡಬ್ಬಿಯಲ್ಲಿ ಕೂತು ತಾವೇ ಕಟ್ಟಿಕೊಳ್ಳುವುದು. ಉಣಕಲ್ಲು ದಾಟುವುದರೊಳಗೆ ನಾಯಕನ ಮದುವೆ, ನವಲೂರು ಬರುವುದರೊಳಗೆ ದುಷ್ಟನಿಗೆ ಶಿಕ್ಷೆ. ಮನೆಯ ಕದ ತಟ್ಟುವ ಹೊತ್ತಿಗೆ ತಾವು ಕಟ್ಟಿದ್ದೇ ಕಂಡದ್ದೆಂಬ ನಂಬಿಕೆ ಗಟ್ಟಿಯಾಗಿರುತ್ತಿತ್ತು. ಈ ಸಲ ಅಪ್ಪ ಅಷ್ಟು ಹೊತ್ತೂ ಕೂತಿರಲಿಲ್ಲ. ಆಕೆ ಪೆಟ್ಟಿಗೆ ಹಿಡಿದು ಹೊರಬಿದ್ದ ಕೂಡಲೇ ಎದ್ದು ಬಂದಿದ್ದರು. ಕಾಕಾ ಗಾಡಿಯ ಹೊತ್ತಿಗೆ ಎದ್ದಿದ್ದರು.

ಅಷ್ಟು ವರ್ಷ ಈ ಜಗಳದಲ್ಲಿ ಎಂದೂ ಬಾಯಿ ಹಾಕದ ಅವ್ವ ಒಳಗಿನಿಂದಲೇ ಕೇಳಿದಳು: "ಅಂದ್ರ ಇಷ್ಟು ದಿವಸ ತುದಿ ನೋಡಲಾರದನ ತೀರ್ಪು ಕೊಟ್ಟೀರೇನ್ರಿ?"

ಶ್ಲೋಕದ ನಾಲ್ಕನೆಯ ಪಾದ ಓದದೆ ಅರ್ಥ ಹೇಳಹೋದ ವಿದ್ಯಾರ್ಥಿಯನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವರು ನಮ್ಮ ಅಪ್ಪ. ಅವರ ಮುಖ ಅಂದು ಹೇಗಾಯಿತೆಂದು ನಾನು ಬಣ್ಣಿಸಲಾರೆ. ಅವರು ಹಟಮಾರಿಯಾಗಿದ್ದರು, ಅಪ್ರಾಮಾಣಿಕರಲ್ಲ. ಅವಲಕ್ಕಿ ಮೆತ್ತಗಾದ ಮೇಲೆ, "ಹೋಗಿ ನೋಡಿ ಬಾ, ಗೋದಾ. ಪೂರ್ತಿ ನೋಡಿ ಬಾ" ಎಂದರು.

ಚಿತ್ರ ಇನ್ನೂ ಹುಬ್ಬಳ್ಳಿಯಲ್ಲೇ ಇತ್ತು. ಅಲ್ಲಿದ್ದ ಅವ್ವನ ತಂಗಿ, ನಮ್ಮ ಮೌಶಿಯ ಮನೆಯಲ್ಲಿ ಉಳಿಯುವುದೆಂದು ಮಾಡಿ, ಕಾಕಾ ನಮ್ಮನ್ನು ಕರೆದುಕೊಂಡು ಹೋದರು. ಪರದೆ ಕಟ್ಟಿದ ಹೆಂಗಸರ ಕಡೆಯಲ್ಲಿ ಚಾಪೆಯ ಮೇಲೆ ಅವ್ವ, ಅತ್ಯಾ, ನಾನು ಕೂತೆವು. ಗಾಡಿಯ ಹೊತ್ತಾದಾಗ ಗಂಡಸರ ಕಡೆಯಿಂದ ಕೆಲವರು ಎದ್ದುಹೋದ ಗದ್ದಲ ಕೇಳಿಸಿತು. ಅತ್ಯಾ ಅತ್ತ ತಿರುಗಿಯೂ ನೋಡಲಿಲ್ಲ. ಪರದೆಯ ಮೇಲಿನ ಆ ಹೆಣ್ಣುಮಗಳು ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಊರವರು ಆಕೆಯ ಬಗ್ಗೆ ಇಲ್ಲದ್ದನ್ನು ಆಡಿಕೊಂಡರು. ಅಣ್ಣಂದಿರು ಬಂದು ಬೈದು ಹೋದರು. ಒಂದು ಸಂಜೆ ಆಕೆ ಸಾಲೆಯ ಕದ ಹಾಕಿ, ಕೀಲಿಯನ್ನು ಹೊಸ್ತಿಲ ಮೇಲಿಟ್ಟು, ಊರ ಬಾವಿಯ ಕಡೆ ನಡೆದಳು. ಮುಂದೆ ನೀರು, ಅದರ ಮೇಲೊಂದು ಹಾಡು, ಬಿಳಿಯ ಪರದೆ. ನಮ್ಮ ಸುತ್ತಲಿನ ಹೆಂಗಸರೆಲ್ಲ ಬಿಕ್ಕಿಬಿಕ್ಕಿ ಅಳುತ್ತಿದ್ದರು. ಅತ್ಯಾ ಅಳಲಿಲ್ಲ. ಆಕೆಯ ಕೈ ಹಿಡಿದುಕೊಂಡಿದ್ದ ನನಗೆ ಆ ಕೈ ತಣ್ಣಗಾದದ್ದು ಗೊತ್ತಾಯಿತು.

ಮರುದಿನ ಬೆಳಗಿನ ಗಾಡಿಯಲ್ಲಿ ಕಾಕಾ ನಮ್ಮಿಂದ ದೂರ, ಬಾಗಿಲ ಬಳಿ ಹೋಗಿ ನಿಂತುಕೊಂಡರು. ಅಪ್ಪನ ಮಾತೇ ಗೆದ್ದಿತಲ್ಲ ಎಂಬ ಸಂಕಟ ಅವರಿಗೆ. ನನಗೂ ಅದೇ ಸಂಕಟ. ಚಿತ್ರ ತೆಗೆದವರ ಮೇಲೆ ನನಗೆ ಬಂದ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ. ಕಥೆ ಬರೆಯುವವರು ಒಬ್ಬಳನ್ನು ಹೊಸ್ತಿಲ ಆಚೆಗೆ ಕರೆತರುವ ಧೈರ್ಯ ಮಾಡಿ, ಆಮೇಲೆ ತಾವೇ ಹೆದರಿ ಆಕೆಯನ್ನು ನೀರಿಗೆ ನೂಕುತ್ತಾರೆ. ನೋಡುವವರು ಅತ್ತು, ಹಗುರಾಗಿ, ಮನೆಗೆ ಹೋಗುತ್ತಾರೆ. ಮನೆಯಲ್ಲಿ ಉಳಿದವಳಿಗೆ ಆ ಕೊನೆ ಒಂದು ಎಚ್ಚರಿಕೆಯಾಗಿ ಬಂದು ಮುಟ್ಟುತ್ತದೆ.

ಅಪ್ಪ ಪಡಸಾಲೆಯಲ್ಲಿ ಕಾಯುತ್ತಿದ್ದರು. "ಏನಾತು?" ಎಂದರು.

ಅತ್ಯಾ ಏನನ್ನೂ ಬಿಡದೆ ಹೇಳಿದಳು. ಬಾವಿಯ ಮಾತಿಗೆ ಬಂದಾಗ ಅಪ್ಪ ಕಣ್ಣು ಕೆಳಗೆ ಹಾಕಿದರು. ಗೆದ್ದ ಲಕ್ಷಣ ಅವರಲ್ಲಿ ಎಳ್ಳಷ್ಟೂ ಇರಲಿಲ್ಲ. ತಮ್ಮ ಮಾತು ನಿಜವಾದದ್ದು ಅವರಿಗೇ ಬೇಡವಾಗಿತ್ತೆಂದು ನನಗೆ ತೋರಿತು.

"ಆಕಿ ಬಾವಿಗೆ ಬೀಳೂವಂಥಾದ್ದು ಏನೂ ಆಗಿದ್ದಿಲ್ಲ, ಅಣ್ಣಾ" ಎಂದಳು ಅತ್ಯಾ. "ಸಾಲಿ ಇತ್ತು, ಹುಡುಗೂರು ಆಕಿನ್ನ ಹಚಗೊಂಡಿದ್ದರು. ಮಂದಿ ಅಂದ್ರು, ಮಂದಿ ಅಂತಾರ. ಚಿತ್ರ ತಗದವರಿಗೆ ಆಕಿನ್ನ ಮುಂದ ಏನ ಮಾಡಬೇಕು ತಿಳೀಲಿಲ್ಲ, ಸಾಯಿಸಿಬಿಟ್ರು. ನಾ ಆಗಿದ್ರ ಮರುದಿನಾ ಸಾಲಿ ಬಾಗಲಾ ತಗೀತಿದ್ದೆ. ನನ್ನ ಟ್ರೇನಿಂಗ್ ಸಾಲಿಗೆ ಕಳಸು."

ಇಷ್ಟು ವರ್ಷಗಳಲ್ಲಿ ಆಕೆ ತನಗಾಗಿ ಕೇಳಿದ್ದು ಅದೇ ಮೊದಲು. ಅಪ್ಪ ಕೇಳಿದರು: "ಇಷ್ಟೆಲ್ಲಾ ನೋಡಿ ಬಂದೂ ನಿನಗ ಅಂಜಿಕಿ ಬರವಲ್ದೇನು, ಗೋದಾ? ಆ ಬಾವಿ..."

"ಅಂಜಿಕಿ ಬರ್ತದ" ಎಂದಳು ಅತ್ಯಾ, ಮೆಲ್ಲಗೆ. "ಬಾವಿ ನಮ್ಮ ಹಿತ್ತಲದಾಗೂ ಅದ, ಅಣ್ಣಾ. ಮನ್ಯಾಗ ಇದ್ದಾಕಿಗೆ ಅದು ಭಾಳ ಸಮೀಪ."

ಅಪ್ಪ ತಂಗಿಯ ಮುಖವನ್ನೇ ನೋಡಿದರು. ಎಷ್ಟೋ ವರ್ಷ ಒಂದೇ ಮನೆಯಲ್ಲಿದ್ದೂ ಆ ಮುಖವನ್ನು ಅಷ್ಟು ಹೊತ್ತು ಅವರು ಎಂದೂ ನೋಡಿರಲಿಲ್ಲವೆಂದು ಕಾಣುತ್ತದೆ. ಆಮೇಲೆ ಎದ್ದು ಒಳಗೆ ಹೋದರು. ಕೋಟು ಹಾಕಿಕೊಂಡು, ರುಮಾಲು ಸುತ್ತಿಕೊಂಡು ಹೊರಗೆ ಬಂದು, "ನಡಿ, ಟ್ರೇನಿಂಗ್ ಸಾಲಿ ದೊಡ್ಡ ಅಕ್ಕಾವರನ್ನ ಕೇಳಿ ಬರೋಣು" ಎಂದರು.

ಆ ಚಿತ್ರ ನೋಡುವಂಥದೋ ಅಲ್ಲವೋ ಎಂಬ ತೀರ್ಪು ನಮ್ಮ ಮನೆಯಲ್ಲಿ ಕೊನೆಗೂ ಆಗಲಿಲ್ಲ. ಅಪ್ಪ ಹೇಳಲಿಲ್ಲ, ಕಾಕಾ ಕೇಳಲಿಲ್ಲ. ಅವ್ವ, ಕಾಕಾ, ನಾನು ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದೆವು. ಗಂಡಸರು ಮುಂದೆ, ಹೆಂಗಸರು ನಾಲ್ಕು ಹೆಜ್ಜೆ ಹಿಂದೆ ನಡೆಯುವುದು ಆಗಿನ ರೂಢಿ. ಅಪ್ಪ ಹಾಗೆಯೇ ಹೊರಟರು. ಓಣಿಯ ತಿರುವಿಗೆ ಮುಟ್ಟಿದವರು ಅಲ್ಲಿ ನಿಂತರು. ಅತ್ಯಾ ತಮ್ಮ ಸಮಕ್ಕೆ ಬರುವವರೆಗೆ ಕಾಯ್ದು, ಆಮೇಲೆ ಇಬ್ಬರೂ ಜೊತೆಯಾಗಿ ನಡೆದರು.