ಸರ್ವರ್ ಕೋಣೆಯ ದಿಂಬು

ನನ್ನ ಹೆಂಡತಿಗೆ ಸುಮ್ಮನೆ ಕೂರುವುದು ಗೊತ್ತಿಲ್ಲ. ಮದುವೆಯಾಗಿ ಇಪ್ಪತ್ತಾರು ವರ್ಷವಾಯಿತು, ಅವಳು ಗೋಡೆಗೊರಗಿ ಐದು ನಿಮಿಷ ಕೂತದ್ದನ್ನು ನಾನು ಕಂಡಿಲ್ಲ. ಟೈಪಿಸ್ಟ್ ಆಗಿ ಕೆಲಸಕ್ಕೆ ಸೇರಿದವಳು ನಲವತ್ತೈದು ದಾಟಿದ ಮೇಲೆ ಸಂಜೆ ತರಗತಿಗೆ ಹೋಗಿ, ಮಕ್ಕಳ ವಯಸ್ಸಿನವರ ಪಕ್ಕ ಬೆಂಚಿನಲ್ಲಿ ಕೂತು ಕಂಪ್ಯೂಟರ್ ಕಲಿತಳು. ಕಲಿತದ್ದಷ್ಟೇ ಅಲ್ಲ, ತರಗತಿಗೇ ಮೊದಲಿಗಳಾಗಿ ಬಂದಳು. ಆ ದಿನ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ನಾನು ಅವಳ ಅಂಕಗಳನ್ನು ಹೇಳಿ ಮುಗಿಸಿದ ಮೇಲೆಯೇ ಅಳತೆ ತೆಗೆದದ್ದು.

ನಾನು ದರ್ಜಿ. ಅಂಗಡಿ ಕೆಳಗೆ, ಮನೆ ಮೇಲೆ, ಅವಳ ಕಚೇರಿ ಅದೇ ರಸ್ತೆಯ ಆ ತುದಿಗೆ. ಅದೊಂದು ಕೇಳುವ ಪುಸ್ತಕಗಳ ಲೈಬ್ರರಿ. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿ ಇಟ್ಟಿರುತ್ತಾರೆ. ಕೇಳುವವರು ಮನೆಯಲ್ಲೇ ಕೂತು ಲೈಬ್ರರಿಯ ವೆಬ್‌ಸೈಟಿಗೆ ಹೋಗಿ ಕೇಳುತ್ತಾರೆ. ಅಂಥವರು ಮುನ್ನೂರ ಹನ್ನೆರಡು ಮಂದಿ. ಯಾರು ಯಾವ ಪುಸ್ತಕವನ್ನು ಎಲ್ಲಿ ನಿಲ್ಲಿಸಿದರು ಎನ್ನುವುದನ್ನೂ ಅದು ಬರೆದಿಟ್ಟುಕೊಂಡು ಮುಂದಿನ ಸಲ ಅಲ್ಲಿಂದಲೇ ಶುರುಮಾಡುತ್ತದೆ. ಇಷ್ಟೂ ನಡೆಯುವುದು ಕಚೇರಿಯ ಹಿಂದಿನ ಕೋಣೆಯಲ್ಲಿ ಕೂತ ಒಂದು ಹಳೆಯ ಸರ್ವರ್‌ನಿಂದ. ಅದು ಬಿಸಿಯಾಗಬಾರದೆಂದು ಇಡೀ ಕಟ್ಟಡದಲ್ಲಿ ಆ ಕೋಣೆಗೆ ಮಾತ್ರ ಎ.ಸಿ. ಇದೆ.

ಆ ಸರ್ವರ್ ಅನ್ನು ಕಟ್ಟಿ ನಿಲ್ಲಿಸಿ, ಹದಿನಾರು ವರ್ಷ ಓಡಿಸಿದವರು ಮೌನಿ ಸಾಹೇಬರು. ನಿಜವಾದ ಹೆಸರು ಬೇರೆ ಇದೆ, ಆದರೆ ನೂರು ಮಾತಿಗೆ ಒಂದು ‘ಹೂಂ’ ಕೊಡುವವರಿಗೆ ಜನ ಇನ್ನೇನು ಹೆಸರಿಟ್ಟಾರು. ಅವರು ನಿವೃತ್ತರಾಗುವಾಗ, ಆ ಜಾಗಕ್ಕೆ ತನ್ನನ್ನೇ ಹಾಕಬೇಕೆಂದು ನನ್ನವಳು ತಾನಾಗಿ ಹೋಗಿ ಕಾರ್ಯದರ್ಶಿಯನ್ನು ಕೇಳಿದಳು. ಸಾಹೇಬರು ನಾಲ್ಕು ದಿನ ಕೂರಿಸಿಕೊಂಡು ಎಲ್ಲ ತೋರಿಸಿಕೊಟ್ಟರು. ಮಧ್ಯಾಹ್ನ ಒಂದು ಹೊಡೆದ ಕೂಡಲೇ ಮಾತ್ರ, “ಊಟ ಮಾಡ್ಕೊಂಡ್ ಬನ್ನಿಮ್ಮ,” ಎಂದು ಎಬ್ಬಿಸಿ ಕಳಿಸುತ್ತಿದ್ದರು. ಅವಳು ಎಂದಿನಂತೆ ಮನೆಗೆ ಬಂದು ನನ್ನ ಜೊತೆ ಊಟ ಮಾಡಿ ಎರಡಕ್ಕೆ ಹೋಗುತ್ತಿದ್ದಳು. ಕೊನೆಯ ದಿನ ಬೀಗದ ಕೈಯನ್ನೂ ಒಂದು ನೋಟ್‌ಬುಕ್ಕನ್ನೂ ಅವಳ ಕೈಗಿಟ್ಟು, ಹೂಂ ಎಂದು, ಹೊರಟರಂತೆ.

ಆ ಸಂಜೆ ಅವಳು ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡು ಹೇಳಿದಳು: “ರೀ, ನಾಳೆಯಿಂದ ನಾನು ಊಟಕ್ಕೆ ಬರಲ್ಲ. ಡಬ್ಬಿ ತಗೊಂಡ್ ಹೋಗ್ತೀನಿ. ಆ ಸರ್ವರ್‌ನ ಒಂದೇ ಬಿಟ್ಟು ಬರೋಕೆ ಮನಸ್ಸು ಒಪ್ಪಲ್ಲ.”

ಹೆಂಗಸರಿಗೆ ಸವತಿ ಬರುವುದನ್ನು ಕೇಳಿದ್ದೇನೆ. ಗಂಡಸಾದ ನನಗೆ ಸವತಿ ಬಂದದ್ದು ಹೀಗೆ. ಇಪ್ಪತ್ತಾರು ವರ್ಷ ಎದುರುಬದುರು ಕೂತು ಉಂಡವನು ಒಬ್ಬನೇ ಗೋಡೆ ನೋಡುತ್ತ ತಿನ್ನತೊಡಗಿದೆ. ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ, ಇಳಿಯುತ್ತಿತ್ತು, ಆದರೆ ಬೇಜಾರಾಗುತ್ತಿತ್ತು.

ಅಷ್ಟು ಕಣ್ಣಲ್ಲಿ ಕಣ್ಣಿಟ್ಟು ಕಾದರೂ ಮೂರನೆಯ ದಿನವೇ ಸರ್ವರ್ ಕೈಕೊಟ್ಟಿತು. ಪರದೆಯ ಮೇಲೆ ‘ಟೂ ಮೆನಿ ಕನೆಕ್ಷನ್ಸ್’ ಎಂದು ಬಂದು ಎಲ್ಲ ಸ್ತಬ್ಧ. ಅವಳು ಡೇಟಾಬೇಸನ್ನು ನಿಲ್ಲಿಸಿ ಮತ್ತೆ ಶುರುಮಾಡಿದಳು, ಓಡಿತು. ಒಂದೂವರೆ ದಿನಕ್ಕೆ ಮತ್ತೆ ಅದೇ. ಮೂರು ವಾರ ಹೀಗೇ ನಡೆಯಿತು. ಒಮ್ಮೆ ಬೆಳಗ್ಗೆ, ಒಮ್ಮೆ ಸಂಜೆ, ಯಾವಾಗ ಮುನಿಸಿಕೊಳ್ಳುತ್ತದೆಂದು ಹೇಳಲಾಗದು. ನಿಂತ ಐದೇ ನಿಮಿಷಕ್ಕೆ ಫೋನ್ ಹೊಡೆದುಕೊಳ್ಳುತ್ತಿತ್ತು. ಮಾಡುತ್ತಿದ್ದವರು ಭೂಗೋಳದ ನಿವೃತ್ತ ಮೇಷ್ಟ್ರು. ಕಣ್ಣು ಹೋಗಿ ಹತ್ತು ವರ್ಷವಾಯಿತು, ದನಿ ಮಾತ್ರ ಇನ್ನೂ ಕೊನೆಯ ಬೆಂಚಿಗೆ ಕೇಳುವ ಹಾಗಿದೆ. ನಲವತ್ತಾರು ಅಧ್ಯಾಯದ ಪತ್ತೇದಾರಿ ಕಾದಂಬರಿಯೊಂದರ ಮೂವತ್ತೊಂಬತ್ತನೆಯ ಅಧ್ಯಾಯದಲ್ಲಿ ಸಿಕ್ಕಿಹಾಕಿಕೊಂಡಿದ್ದರು.

“ಏನಮ್ಮ, ಕೊಲೆಗಾರನ್ನ ನೀವೇ ಬಚ್ಚಿಟ್ಕೊಂಡಿದೀರಾ?” ಎಂದು ಗದರುತ್ತಿದ್ದರು. “ಹಾಗಂತ ಯಾರು ಅಂತ ಬಾಯಿಬಿಟ್ಟೀರ, ಜೋಕೆ!”

ನನಗೆ ಕಂಪ್ಯೂಟರಿನ ಗಂಧಗಾಳಿಯಿಲ್ಲ. ಒಂದು ಸಂಜೆ ಅವಳು ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ಏನದು ಎಂದು ಕೇಳಿದೆ.

“ನಿಮ್ಮ ಅಂಗಡೀಲಿ ನೂರು ಹ್ಯಾಂಗರ್ ಇದೆ ಅಂದ್ಕೊಳ್ಳಿ,” ಎಂದಳು. “ಬಟ್ಟೆ ತಗೊಂಡ್ ಹೋದೋರು ಹ್ಯಾಂಗರ್ ವಾಪಸ್ ಕೊಡಲ್ಲ. ಆಗೇನಾಗತ್ತೆ?”

“ನೂರ ಒಂದನೇ ಅಂಗಿಗೆ ಹ್ಯಾಂಗರ್ ಇರಲ್ಲ.”

“ಅಷ್ಟೇ ಇದೂ. ಡೇಟಾಬೇಸ್ ಹತ್ರ ಇರೋ ಹ್ಯಾಂಗರೆಲ್ಲ ಮುಗಿದು ಹೋಗ್ತಿದೆ.”

“ಹಾಗಾದ್ರೆ ಇನ್ನೂರು ಹ್ಯಾಂಗರ್ ಮಾಡ್ಕೊ.”

“ಮಾಡ್ಕೊಂಡೆ. ಇಡೋಕೆ ಜಾಗ ಸಾಲ್ದೆ ಅಂಗಡೀನೇ ಕುಸಿದು ಬಿತ್ತು.”

“ಯಾರು ವಾಪಸ್ ಕೊಡ್ತಿಲ್ಲ ಅಂತ ನೋಡು ಮತ್ತೆ.”

ಅವಳ ಮುಖ ಸಪ್ಪಗಾಯಿತು. “ನಾನೇ ಏನೋ ಕೆಡಿಸಿದೀನಿ ರೀ. ಅವರ ಕೈಯಲ್ಲಿ ಹದಿನಾರು ವರ್ಷ ಓಡಿದ್ದು ನನ್ನ ಕೈಯಲ್ಲಿ ಎರಡು ದಿನ ಓಡ್ತಿಲ್ಲ ಅಂದ್ರೆ ಇನ್ನೇನು?”

ಕೆಲಸಕ್ಕೆ ಕೂತ ಮೊದಲ ವಾರದ ಹುರುಪಿನಲ್ಲಿ ಅವಳು ಮೂರು ನಾಲ್ಕು ಸಣ್ಣ ತಿದ್ದುಪಡಿ ಮಾಡಿದ್ದಳು. ಈಗ ಒಂದೊಂದನ್ನೇ ಬಿಚ್ಚಿ ಮೊದಲಿನಂತೆ ಮಾಡಿ ನೋಡಿದಳು. ಫ್ಯಾನಿನ ಧೂಳು ಒರೆಸಿದಳು, ತಂತಿಗಳನ್ನು ಬದಲಾಯಿಸಿದಳು. ಏನೂ ಪ್ರಯೋಜನವಾಗಲಿಲ್ಲ. ಸಾಹೇಬರಿಗೇ ಫೋನ್ ಮಾಡು ಎಂದರೆ ಉರಿದುಬಿದ್ದಳು. “ಒಂದು ತಿಂಗಳಿಗೇ ಸೋತೆ ಅಂತ ನನ್ನ ಬಾಯಿಂದಾನೇ ಹೇಳ್ಲಾ?” ಎಂದಳು.

ಅಷ್ಟರಲ್ಲಿ ಕಾರ್ಯದರ್ಶಿ ಅವಳನ್ನು ಕರೆಸಿದರು. ಇಪ್ಪತ್ತನೆಯ ತಾರೀಖು ಆಡಳಿತ ಮಂಡಳಿಯ ಸಭೆ. ಅದಕ್ಕೆ ಮೊದಲು ಏಳು ದಿನ ಸರ್ವರ್ ಒಂದೇ ಸಮ ಓಡಬೇಕು. ಓಡಲಿಲ್ಲವೋ, ಆ ಸೇವೆಯನ್ನೇ ಮುಚ್ಚಿ, ಕೇಳುವವರಿಗೆ ಸಿ.ಡಿ.ಗಳನ್ನು ಅಂಚೆಯಲ್ಲಿ ಕಳಿಸುವುದು, ಅವಳು ಮತ್ತೆ ಟೈಪಿಂಗಿಗೆ ಹೋಗುವುದು. ಅವರು ಕೂಗಾಡಲಿಲ್ಲ, ನಯವಾಗಿಯೇ ಹೇಳಿದರಂತೆ. ಅದೇ ಅವಳಿಗೆ ಹೆಚ್ಚು ಚುಚ್ಚಿತು.

ಮರುದಿನ ಅವಳು ಕನ್ನಡಕ ಮರೆತು ಹೋದಳು. ಕೊಡಲು ಹೋದವನು ಮೊದಲ ಸಲ ಆ ಕೋಣೆಯ ಒಳಗೆ ಕಾಲಿಟ್ಟೆ. ಅಗಲ ಕಡಿಮೆ, ಉದ್ದ ಹೆಚ್ಚು. ನನ್ನ ಸವತಿ ಕಬ್ಬಿಣದ ಚೌಕಟ್ಟಿನೊಳಗೆ ಕೂತು ಜೇನುಹುಟ್ಟಿನಂತೆ ಗುಂಯ್‌ಗುಡುತ್ತಿತ್ತು. ಅದರ ಹಿಂದೆ ಗೋಡೆಗೆ ಒಂದು ಸುತ್ತಿದ ಚಾಪೆ, ಅದರ ಮೇಲೆ ನೀಲಿ ಪಟ್ಟೆಯ ಸಣ್ಣ ದಿಂಬು. ದಿಂಬಿನ ಕವರು ನನ್ನದೇ ಹೊಲಿಗೆ. ಲೈಬ್ರರಿಯ ಕಿಟಕಿ ಪರದೆಗಳನ್ನು ಹೊಲಿದಾಗ ಉಳಿದ ಬಟ್ಟೆಯಲ್ಲಿ ಮೌನಿ ಸಾಹೇಬರೇ ಮಾಡಿಸಿಕೊಂಡು ಹೋಗಿದ್ದರು. ಇಲ್ಲೇಕಿದೆ ಎಂದು ಕೇಳಿದೆ.

“ಏನೋ ಸಾಮಾನು ಪ್ಯಾಕ್ ಮಾಡೋಕೆ ಇಟ್ಕೊಂಡಿರ್ಬೇಕು. ನೀವು ಹೊರಡಿ, ಧೂಳು ಬರತ್ತೆ,” ಎಂದು ನನ್ನನ್ನು ಹೊರದಬ್ಬಿದಳು. ದಿಂಬನ್ನು ನಾನು ಅಲ್ಲಿಗೇ ಮರೆತೆ.

ಹನ್ನೆರಡನೆಯ ತಾರೀಖು ಬೆಳಗ್ಗೆ ಮೇಷ್ಟ್ರು ಕೋಲು ತಟ್ಟುತ್ತ ಅಂಗಡಿಗೆ ಬಂದರು. ಪ್ಯಾಂಟು ಹೊಲಿಸಬೇಕಿತ್ತು. ಸೊಂಟದ ಅಳತೆ ಕೊಡುತ್ತಲೇ ನನ್ನ ಹೆಂಡತಿಯ ಮೇಲೆ ದೂರು ಶುರು ಮಾಡಿದರು.

“ಸರ್ವರ್ ಕೆಡತ್ತೆ ಅನ್ನೋದು ಇರ್ಲಿ ಟೈಲರ್ ಅವ್ರೇ, ನನ್ನ ಊಟದ ಹೊತ್ತೂ ಕೆಟ್ಟುಹೋಗಿದೆ.”

“ಅದು ನಂದೂ ಕೆಟ್ಟಿದೆ ಬಿಡಿ. ನಿಮಗೇನಾಯ್ತು?”

“ಮೊದಲೆಲ್ಲ ದಿನಾ ಒಂದು ಗಂಟೆಗೆ ಕರೆಕ್ಟಾಗಿ ನಿಂತು ಹೋಗ್ತಿತ್ತು. ಎರಡಕ್ಕೆ ಮತ್ತೆ ಬರ್ತಿತ್ತು. ನಿಂತ ಕೂಡ್ಲೇ ಊಟಕ್ಕೆ ಏಳೋದು ಅಂತ ನಮಗೆಲ್ಲ ಅಭ್ಯಾಸ. ಈಗ ನಿಮ್ಮನೆಯೋರು ಬಂದ ಮೇಲೆ ಒಂದಕ್ಕೂ ನಿಲ್ಲಲ್ಲ. ಕತೆ ಕೇಳ್ತಾ ಕೂತು ಮೂರು ಗಂಟೆಗೆ ಊಟ ಮಾಡ್ತೀನಿ, ಸೊಸೆ ಕೈಲಿ ಬೈಸ್ಕೋತೀನಿ.”

“ದಿನಾ ನಿಲ್ತಿತ್ತಾ?”

“ನಾನು ಕೇಳ್ತಿರೋ ಹತ್ತು ವರ್ಷಾನೂ ದಿನಾ! ಗಡಿಯಾರ ಇದ್ದ ಹಾಗೆ.”

ನನ್ನ ಕಿವಿ ನೆಟ್ಟಗಾಯಿತು. ಒಂದರಿಂದ ಎರಡು. ಊಟಕ್ಕೆ ಕಳಿಸುವ ಆತುರ. ಕಟ್ಟಡಕ್ಕೆಲ್ಲ ಒಂದೇ ತಣ್ಣನೆಯ ಕೋಣೆ, ಚಾಪೆ, ನಾನೇ ಹೊಲಿದ ದಿಂಬು. ಮೇಷ್ಟ್ರ ಎಡಗಾಲಿನ ಅಳತೆ ತೆಗೆಯುವುದನ್ನು ಅಲ್ಲಿಗೇ ಬಿಟ್ಟು, ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಕೊರಳಲ್ಲಿ ಟೇಪು ಜೋತಾಡಿಸಿಕೊಂಡೇ ರಸ್ತೆಯ ಆ ತುದಿಗೆ ಓಡಿದೆ.

ಹೇಳಿದ್ದನ್ನೆಲ್ಲ ಅವಳು ಎರಡು ಸಲ ಹೇಳಿಸಿಕೊಂಡಳು. ದಿಂಬನ್ನು ಎತ್ತಿ ನೋಡಿದಳು. ನಡುವೆ ತಲೆಯಷ್ಟೇ ಅಗಲದ ಕುಳಿ. ಆಮೇಲೆ ಮರ್ಯಾದೆಯನ್ನು ಬದಿಗಿಟ್ಟು ಮೌನಿ ಸಾಹೇಬರಿಗೆ ಫೋನ್ ಮಾಡಿದಳು. ನನಗೂ ಕೇಳುವಂತೆ ಸ್ಪೀಕರ್ ಹಾಕಿದಳು.

“ಸರ್, ಮಧ್ಯಾಹ್ನ ಒಂದರಿಂದ ಎರಡರ ತನಕ ಸರ್ವರ್ ಆಫ್ ಮಾಡ್ತಿದ್ರಾ?”

 ಮೊದಲು ಎಂದಿನ ಹೂಂ ಬಂತು. ಅದಾದ ಮೇಲೆ, ಅವರ ಬಾಯಲ್ಲಿ ನಾವು ಯಾರೂ ಕೇಳಿರದಷ್ಟು ಮಾತು.

“ಆ ಕೋಣೆ ತಣ್ಣಗಿರ್ತಿತ್ತಮ್ಮ. ಊಟ ಆದ್ಮೇಲೆ ಸ್ವಲ್ಪ ಅಡ್ಡಾಗ್ತಿದ್ದೆ. ಅದರ ಸದ್ದಿಗೆ ನಿದ್ದೆ ಹತ್ತುತಿರ್ಲಿಲ್ಲ, ಅದಕ್ಕೇ ಆರಿಸಿಬಿಡ್ತಿದ್ದೆ. ಹೇಗೂ ಎಲ್ರೂ ಊಟ ಮಾಡೋ ಹೊತ್ತು. ನೋಟ್‌ಬುಕ್ಕಲ್ಲಿ ಹೇಗೆ ಬರೀಲಿ ಇದನ್ನ?” ಆಮೇಲೆ ದನಿ ತಗ್ಗಿಸಿ, “ಕಾರ್ಯದರ್ಶಿಗಳಿಗೆ ಹೇಳ್ಬೇಡಿ,” ಎಂದರು.

ನನ್ನವಳು ಫೋನಿಟ್ಟು ನಕ್ಕಳು. ಒಂದು ತಿಂಗಳಲ್ಲಿ ಅವಳು ನಕ್ಕಿದ್ದು ಅದೇ ಮೊದಲು. ನನಗಂತೂ ಹೋದ ಜೀವ ಬಂದಂತಾಯಿತು.

“ದಿನಾ ಆರಿಸಿದ್ರೆ ದಿನಾ ನೂರು ಹ್ಯಾಂಗರೂ ವಾಪಸ್ ಬರತ್ತೆ!” ಎಂದಳು. “ಅಂದ್ರೆ ತಪ್ಪು ಹದಿನಾರು ವರ್ಷದಿಂದ ಅಲ್ಲೇ ಇದೆ ರೀ. ಅವರ ನಿದ್ದೆ ಅದನ್ನ ಮುಚ್ಚಿಟ್ಟಿತ್ತು. ಅವರಿಗೂ ಗೊತ್ತಿಲ್ಲ! ನಾನು ಏನೂ ಕೆಡಿಸಿಲ್ಲ.”

“ಹಾಗಾದ್ರೆ ನೀನೂ ದಿನಾ ಆರಿಸಿ ಮಲ್ಕೊ. ಮುಗೀತಲ್ಲ.”

“ಥೂ! ಕಾರಣ ಗೊತ್ತಿಲ್ದೆ ಆಫ್ ಮಾಡಿ ಆನ್ ಮಾಡೋದು ಒಂದು ಕೆಲಸವಾ?” ಎಂದು ಕುರ್ಚಿ ಎಳೆದುಕೊಂಡಳು. “ಇಷ್ಟು ದಿನ ನಾನು ನನ್ನ ತಿದ್ದುಪಡೀನೇ ಕೆದಕ್ತಿದ್ದೆ. ಸಾಹೇಬರು ಬರೆದಿದ್ದು ಅಂತ ಹಳೇದನ್ನ ಮುಟ್ಟೇ ಇರ್ಲಿಲ್ಲ. ನೀವು ನಡೀರಿ.”

ಸ್ಟೂಲಿನ ಮೇಲೆ ಮೇಷ್ಟ್ರು ಒಂದೇ ಕಾಲಿನ ಅಳತೆ ಕೊಟ್ಟು ಇನ್ನೂ ಕಾಯುತ್ತಿದ್ದರು. ಸಂಜೆ ಐದಕ್ಕೆ ಅವಳ ಫೋನ್ ಬಂತು. ಸಿಕ್ಕಿತ್ತು. ಕೇಳುವವರು ಕತೆಯನ್ನು ನಿಲ್ಲಿಸಿದಾಗಲೆಲ್ಲ ಆ ಜಾಗವನ್ನು ಬರೆದಿಡುವ ಒಂದು ಪುಟವಿದೆಯಲ್ಲ, ಅದು ಪ್ರತಿ ಸಲ ಒಂದು ಹ್ಯಾಂಗರ್ ತೆಗೆದುಕೊಳ್ಳುತ್ತಿತ್ತು, ವಾಪಸ್ ಕೊಡಬೇಕೆಂದು ಅದಕ್ಕೆ ಯಾರೂ ಹೇಳಿಯೇ ಇರಲಿಲ್ಲ. ಅವಳು ಬರೆದು ಸೇರಿಸಿದ್ದು ಎರಡೇ ಸಾಲು. ಅತಿ ಹೆಚ್ಚು ಸಲ ನಿಲ್ಲಿಸುವವರು ಯಾರೆಂದು ಕುತೂಹಲಕ್ಕೆ ನೋಡಿದರೆ, ನಮ್ಮ ಮೇಷ್ಟ್ರೇ! ಕೊಲೆಗಾರ ಯಾರಿರಬಹುದೆಂದು ಎರಡು ಮೂರು ನಿಮಿಷಕ್ಕೊಮ್ಮೆ ನಿಲ್ಲಿಸಿ ಯೋಚಿಸುತ್ತಿದ್ದರು. ಅರ್ಧದಷ್ಟು ಹ್ಯಾಂಗರು ಅವರೊಬ್ಬರ ಲೆಕ್ಕದಲ್ಲೇ ಹೋಗಿತ್ತು. ಇದನ್ನು ಅವರಿಗೆ ಹೇಳಕೂಡದೆಂದು ನನ್ನ ಕೈಯಲ್ಲಿ ಭಾಷೆ ತೆಗೆದುಕೊಂಡಳು.

ಒಂದು ದಿನ ಓಡಿತು. ಎರಡು ದಿನವಾಯಿತು, ಮೂರಾಯಿತು. ನಾನು ಯಂತ್ರ ತುಳಿಯುತ್ತ ರಸ್ತೆಯ ಆ ತುದಿಯನ್ನೇ ನೋಡುತ್ತಿದ್ದೆ. ಹದಿನೇಳಕ್ಕೆ ಮೇಷ್ಟ್ರು ಫೋನ್ ಮಾಡಿ, ಕಾದಂಬರಿ ಮುಗಿಯಿತು, ಕೊಲೆ ಮಾಡಿದವನು ತಾನು ಎಣಿಸಿದವನಲ್ಲ, ಬರೆದವನಿಗೆ ಬುದ್ಧಿ ಇಲ್ಲ ಎಂದು ಅವಳಿಗೆ ಬೈದರಂತೆ. ಇಪ್ಪತ್ತರ ಸಭೆಯಲ್ಲಿ ಕಾರ್ಯದರ್ಶಿ ಏನಾಗಿತ್ತು ಎಂದು ಕೇಳಿದಾಗ, “ಹಳೇ ತಪ್ಪು ಸರ್, ಸಿಕ್ತು,” ಎಂದಷ್ಟೇ ಹೇಳಿದಳು. ಸೇವೆ ಉಳಿಯಿತು, ಅವಳ ಕುರ್ಚಿಯೂ ಉಳಿಯಿತು. ದಿಂಬಿನ ವಿಷಯ ಎತ್ತಲಿಲ್ಲ.

ಮರುದಿನ ಮಧ್ಯಾಹ್ನ ಒಂದಕ್ಕೆ ನಾನು ಒಬ್ಬನೇ ತಟ್ಟೆ ಹಾಕಿಕೊಳ್ಳುತ್ತಿದ್ದೆ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಅವಳು! ಕಂಕುಳಲ್ಲಿ ನೀಲಿ ಪಟ್ಟೆಯ ದಿಂಬು.

“ಏನೇ ಇದು?” ಎಂದೆ.

“ಸಾಹೇಬರನ್ನ ಕೇಳ್ದೆ, ಬೇಕಾ ಅಂತ. ನೀವೇ ಇಟ್ಕೊಳ್ಳಿ, ಉಪಯೋಗಕ್ಕೆ ಬರತ್ತೆ ಅಂದ್ರು.”

“ಅದನ್ನ ಒಂದೇ ಬಿಟ್ಟು ಬಂದ್ಯಾ ಮತ್ತೆ?”

“ಈಗ ಅದು ಓಡತ್ತೆ ರೀ. ನಾನು ಎದುರಿಗೆ ಕೂತ್ಕೊಂಡು ಕಾಯಬೇಕಾಗಿಲ್ಲ. ಬಡಿಸಿ, ಹಸಿವಾಗ್ತಿದೆ.”

ಎದುರುಬದುರು ಕೂತು ಉಂಡೆವು. ಗೋಡೆಯನ್ನು ನಾನು ಆಮೇಲೆ ನೋಡಲಿಲ್ಲ. ಊಟವಾದ ಮೇಲೆ ನನ್ನ ಜೊತೆ ಅಂಗಡಿಗೆ ಇಳಿದು ಬಂದಳು. ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಮೇಲೆ ದಿಂಬಿಟ್ಟು, “ಹತ್ತೇ ನಿಮಿಷ,” ಎಂದು ಒರಗಿದಳು. ಇಪ್ಪತ್ತಾರು ವರ್ಷದಲ್ಲಿ ನಾನು ಕಾಣದಿದ್ದದ್ದು. ನಾನು ಸಂಜೆಗೆ ಕೊಡಬೇಕಾಗಿದ್ದ ಅಂಗಿಗೆ ಕಾಲರ್ ಕೂರಿಸಲು ಯಂತ್ರ ತುಳಿದೆ. ಅದು ಕಟಕಟ ಅನ್ನುತ್ತಲೂ ಅವಳ ಹುಬ್ಬು ಗಂಟಿಕ್ಕಿತು.

ಯಂತ್ರ ನಿಲ್ಲಿಸಿದೆ. ಬಾಗಿಲಲ್ಲಿ ಕೋಲಿನ ಸದ್ದಾಯಿತು. ಮೇಷ್ಟ್ರು ಪ್ಯಾಂಟಿಗೆ ಬಂದಿದ್ದರು. ಎದ್ದು ಹೋಗಿ ಅವರ ಕಿವಿಯ ಹತ್ತಿರ ಮೆಲ್ಲಗೆ, “ಎರಡು ಗಂಟೆಗೆ ಬನ್ನಿ ಮೇಷ್ಟ್ರೇ,” ಎಂದೆ.